ಕೆಮ್ಮಣ್ಣಿನ ಕಂಬಳಿ

ಫ್ಯಾನು ಐದರಲ್ಲಿ ತಿರುಗುತ್ತಿರುವಾಗ ಹೆಗಲ ಮೇಲೆ ಕಂಬಳಿ ಹೊದ್ದು ಅಡುಗೆಮನೆಗೆ ಬರುವ ಸೊಸೆಯನ್ನು ಬೇಗೂರು ಹಿಂದೆ ಕಂಡಿರಲಿಲ್ಲ. ಮೊದಲ ದಿನ ಲಕ್ಷ್ಮಿದೇವಮ್ಮ ಅವಳ ಹಣೆ ಮುಟ್ಟಿ ನೋಡಿದರು. ಎರಡನೆಯ ದಿನ ಶುಂಠಿ ಕಷಾಯ ಕಾಸಿಕೊಟ್ಟರು. ಅವಳು ಅದನ್ನು ಕುಡಿದು, "ಥ್ಯಾಂಕ್ಸ್ ಅತ್ತೆ" ಎಂದು ಲೋಟ ತೊಳೆದಿಟ್ಟು, ಮಾರನೆಯ ದಿನವೂ ಕಂಬಳಿ ಹೊದ್ದೇ ಬಂದಳು.

ಸೊಸೆಯ ಹೆಸರು ನೊಂಬುಲೆಲೊ. ದಕ್ಷಿಣ ಆಫ್ರಿಕಾದವಳು. ಫಿಸಿಯೋಥೆರಪಿ ಓದಲು ಬೆಂಗಳೂರಿಗೆ ಬಂದು, ಜಯನಗರದ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಕೆಲಸ ಮಾಡುತ್ತಿದ್ದ ದೀಪಕ್‌ನನ್ನು ಮಾಘ ಮಾಸದಲ್ಲಿ ರಿಜಿಸ್ಟರ್ ಮದುವೆಯಾಗಿದ್ದಳು. ಆ ಹೆಸರು ಲಕ್ಷ್ಮಿದೇವಮ್ಮನ ಬಾಯಲ್ಲಿ ನಿಲ್ಲಲಿಲ್ಲ. ದೀಪಾವಳಿಗೆ ಹಿಡಿಯುವ ಕೇದಾರೇಶ್ವರನ ನೋಮು ನೆನಪಾಗಿ "ನೋಮು" ಎಂದು ಕರೆದರು. ವ್ರತದ ಹೆಸರಾದ್ದರಿಂದ ಯಾರೂ ತಕರಾರು ತೆಗೆಯುವಂತಿರಲಿಲ್ಲ.

ತಕರಾರಿದ್ದದ್ದು ಮಾವ ಚಿಕ್ಕಬೈರಪ್ಪನವರಿಗೆ. ಸೊಸೆಯ ಬಣ್ಣಕ್ಕಲ್ಲ, ದೇಶಕ್ಕೂ ಅಲ್ಲ. ಅವಳಾಡಿದ ಒಂದೇ ಒಂದು ಮಾತಿಗೆ. ಹೊಸಿಲಿನ ಮೇಲಿಟ್ಟ ಅಕ್ಕಿ ಸೇರನ್ನು ಕಾಲಲ್ಲಿ ಉರುಳಿಸಿ ಒಳಗೆ ಬಂದ ದಿನ, ನೆಂಟರಿಷ್ಟರೆಲ್ಲ ಸುತ್ತ ನಿಂತಿರುವಾಗ, ಅವಳು ಮಾವನ ಎದುರು ಮಂಡಿ ಬಗ್ಗಿಸಿ, ಕಣ್ಣು ನೆಲಕ್ಕಿಟ್ಟು, ಬಹಳ ಭಕ್ತಿಯಿಂದ "ತಾತಾ" ಎಂದಿದ್ದಳು.

ಚಿಕ್ಕಬೈರಪ್ಪನವರು ಹದಿನೈದು ದಿನಕ್ಕೊಮ್ಮೆ ಮೀಸೆಗೆ ಬಣ್ಣ ಹಚ್ಚುವವರು. ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಪಕ್ಕದ ಮನೆಯ ನಾರಾಯಣಮ್ಮ ಸುಮ್ಮನಿರುವ ಜೀವವಲ್ಲ.

"ಬಂದ ದಿವ್ಸಾನೇ ತಾತ ಮಾಡ್ಬಿಟ್ಲಲ್ಲ. ಅದ್ಕೇ ಇರ್ಬೇಕು, ಅವಸರ್‌ದಲ್ಲಿ ರಿಜಿಸ್ಟರ್ರು" ಎಂದು ಪಕ್ಕದವರ ಕಿವಿಯಲ್ಲಿ ಹೇಳಿದರು. ಅವರ ಪಿಸುಮಾತು ಬೀದಿ ದಾಟುವಂಥದ್ದು. ಸಂಜೆಯೊಳಗೆ ಸುದ್ದಿ ತಿಲಕ್ ನಗರದ ನೆಂಟರ ಮನೆ ತಲುಪಿತ್ತು.

ಅವತ್ತಿನಿಂದ ಚಿಕ್ಕಬೈರಪ್ಪನವರು ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು. ಊಟ ಅಲ್ಲೇ, ಕಾಫಿ ಅಲ್ಲೇ.

"ಅಪ್ಪಾ, ಅವರ ಭಾಷೇಲಿ ತಾತಾ ಅಂದ್ರೆ ಅಪ್ಪ ಅಂತ. ಮರ್ಯಾದೆಗೆ ದೊಡ್ಡೋರ್ನೆಲ್ಲ ಹಂಗೇ ಕರೀತಾರೆ" ಎಂದು ಮಗಳು ಚೈತನ್ಯ ಬಾಗಿಲಲ್ಲಿ ನಿಂತು ತಿಳಿಹೇಳಿದಳು. ಬಿಟಿಎಂ ಲೇಔಟಿನ ಶಾಲೆಯೊಂದರಲ್ಲಿ ಟೀಚರಾಗಿದ್ದ ಅವಳಿಗೆ ಎಲ್ಲರಿಗೂ ತಿಳಿಹೇಳುವ ಚಟ.

"ಅವರ ಭಾಷೇಲಿ ಏನಾದ್ರೂ ಇರ್ಲಿ. ಬೇಗೂರಲ್ಲಿ ತಾತ ಅಂದ್ರೆ ತಾತಾನೇ. ತಿಲಕ್ ನಗರದ ಪಂಕಜಾ ಫೋನ್ ಮಾಡಿ ಎಷ್ಟು ತಿಂಗ್ಳು ಅಂತ ಕೇಳ್ತಾಳೆ. ನಾನೇನು ಡಿಕ್ಷನರಿ ಹಿಡ್ಕೊಂಡು ಓಡಾಡ್ಲಾ?"

"ಹಂಗಾದ್ರೆ ಮಾಮಾ ಅಂತ ಕರೀಲಿ ಬಿಡಿ" ಎಂದ ದೀಪಕ್ ಒಳಗಿನಿಂದ.

ನೋಮು ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ. ಅಷ್ಟು ದಪ್ಪ ಮೀಸೆಯವರನ್ನು ಅಮ್ಮಾ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಅಲ್ಲಿಗೆ ಮಾವನನ್ನು ಕರೆಯಲು ಪದವೇ ಉಳಿಯಲಿಲ್ಲ. ಜಗಲಿಯ ಕಡೆ ಹೋಗಬೇಕಾದಾಗೆಲ್ಲ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು, ತಲೆ ತಗ್ಗಿಸಿ, ಮಾತಿಲ್ಲದೆ ಹೋಗಿ ಬರುತ್ತಿದ್ದಳು.

ಅದೂ ತಪ್ಪಾಯಿತು. "ನೋಡ್ದಾ ನಿನ್ನ ಸೊಸೇನಾ?" ಎಂದು ಚಿಕ್ಕಬೈರಪ್ಪನವರು ಹೆಂಡತಿಗೆ ಹೇಳಿದರು. "ಒಂದ್ ಸಲಾನಾದ್ರೂ ಊಟಕ್ಕೆ ಏಳಿ ಅಂತ ಕರೆದಿದಾಳಾ? ನಮ್ಮವ್ವನ ಕಾಲದಿಂದ ಈ ಮನೇಲಿ ಗಂಡಸ್ರನ್ನ ಊಟಕ್ಕೆ ಏಳ್ಸೋದು ಸೊಸೇನೇ. ನನ್ನ ಕಂಡ್ರೆ ಚಳಿ ಆದೋಳ ಥರ ಕಂಬ್ಳಿ ಸುತ್ಕೊಂಡು ಓಡ್ತಾಳೆ."

"ಅಂದ್ರೂ ಕಷ್ಟ, ಅನ್ದಿದ್ರೂ ಕಷ್ಟ. ನಿಮ್ಮ ಜೊತೆ ಏಗೋದು ನಂಗೇ ಆಗ್ಲಿಲ್ಲ, ಅವಳಿಗೆಲ್ಲಿ ಆದಾತು" ಎಂದು ಲಕ್ಷ್ಮಿದೇವಮ್ಮ ಖಾಲಿ ತಟ್ಟೆ ಎತ್ತಿಕೊಂಡರು.

ಹಾಗೆಂದು ಅವರಿಗೂ ಸೊಸೆಯ ಮೇಲೆ ಪೂರ್ತಿ ಮನಸ್ಸು ಬಂದಿರಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗುತ್ತಾಳೆ ಎನ್ನುವುದೊಂದು ಸಮಾಧಾನ. ತನ್ನೂರಲ್ಲೂ ಹೀಗೇ ಹಿಟ್ಟು ತೊಳಸುತ್ತೇವೆ ಎಂದಿದ್ದಳು. ಮನಸ್ಸು ಬಂದದ್ದು ಗ್ಯಾಸ್ ಸಿಲಿಂಡರಿನ ದೆಸೆಯಿಂದ.

ಅವತ್ತು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸಿಲಿಂಡರಿನವನು ಬಾಗಿಲಲ್ಲಿ ನಿಂತು, "ಯಾರ ಹೆಸ್ರಲ್ಲಿದೆ ಅಕ್ಕಾ ಕನೆಕ್ಷನ್ನು?" ಎಂದ.

"ನಮ್ಮ ಮನೆಯವ್ರದ್ದು."

"ಮನೆಯವ್ರಿಗೆ ಹೆಸ್ರಿಲ್ವಾ?"

ಲಕ್ಷ್ಮಿದೇವಮ್ಮ ಗಂಡನ ಹೆಸರನ್ನು ಮದುವೆಯ ದಿನ ಬಲವಂತಕ್ಕೆ ಹೇಳಿದ್ದು ಬಿಟ್ಟರೆ ಮತ್ತೆ ಹೇಳಿದವರಲ್ಲ. "ನೋಮು, ನಿಮ್ಮಾವನ ಹೆಸ್ರು ಹೇಳಮ್ಮ" ಎಂದರು. ನೋಮು ತಲೆ ಅಲ್ಲಾಡಿಸಿದಳು.

"ಗೊತ್ತಿಲ್ವಾ?"

"ಗೊತ್ತು. ಹೇಳಲ್ಲ."

ಸಿಲಿಂಡರಿನವನು ಇಬ್ಬರನ್ನೂ ನೋಡಿದ. "ಒಳ್ಳೆ ಮನೆ ಗುರು" ಎಂದು ಗೊಣಗಿ, ಗೇಟಿನ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದ ಹೆಸರನ್ನು ತಾನೇ ಓದಿಕೊಂಡು ಸಿಲಿಂಡರ್ ಇಳಿಸಿ ಹೋದ.

"ಯಾಕೆ ಹೇಳಲ್ಲ?" ಎಂದರು ಲಕ್ಷ್ಮಿದೇವಮ್ಮ.

ನೋಮುವಿನ ಕನ್ನಡ ಕ್ಲಿನಿಕ್ಕಿನ ಕನ್ನಡ. ಕಾಲು ಮಡಚಿ, ಉಸಿರು ಬಿಡಿ, ನಿಧಾನ ಎನ್ನುವುದು ಸಲೀಸು. ಮಿಕ್ಕಿದ್ದು ಹುಡುಕಿ ಹುಡುಕಿ. "ನಮ್ಮ ಕಡೆ ಹೊಸ ಸೊಸೆ ಮಾವನ ಹೆಸರು ಹೇಳಬಾರದು ಅತ್ತೆ. ಆ ಹೆಸರಿನ ಅಕ್ಷರ ಬರೋ ಬೇರೆ ಮಾತೂ ಹೇಳಬಾರದು, ನಮ್ಮಜ್ಜಿ ಹೇಳ್ತಿರಲಿಲ್ಲ. ಮಾವನ ಮುಂದೆ ಹೆಗಲು ಮುಚ್ಚಬೇಕು. ಅದಕ್ಕೇ ಕಂಬಳಿ. ಚಳಿಗೆ ಅಲ್ಲ, ಮರ್ಯಾದೆಗೆ."

ಅವಳು ಚಿಕ್ಕ ಲೋಟಕ್ಕೆ ಸಣ್ಣ ಲೋಟ, ಚಿಕ್ಕಮ್ಮನಿಗೆ ಅಮ್ಮನ ತಂಗಿ ಎನ್ನುತ್ತಿದ್ದುದು ಯಾಕೆಂದು ಲಕ್ಷ್ಮಿದೇವಮ್ಮನಿಗೆ ಆಗ ಹೊಳೆಯಿತು. ಅಣಕಿಸುತ್ತಿದ್ದಾಳೆ ಎಂದುಕೊಂಡಿದ್ದರು. ತಾವೂ ಈ ಮನೆಗೆ ಬಂದ ಹೊಸದರಲ್ಲಿ ಮಾವ ಕೆಮ್ಮಿದರೆ ಸಾಕು, ಸೆರಗು ಹೊದ್ದು ಇದೇ ಬಾಗಿಲ ಹಿಂದೆ ನಿಲ್ಲುತ್ತಿದ್ದುದು ನೆನಪಾಗಿ ಅವರಿಗೆ ನಗು ಬಂತು, ನಗುವಿನ ಹಿಂದೆ ಒಂದಿಷ್ಟು ನಾಚಿಕೆಯೂ ಬಂತು. ಬೀರು ತೆಗೆದು ತೆಳ್ಳನೆಯ ಹತ್ತಿ ಶಾಲೊಂದನ್ನು ತಂದು ಅವಳ ಹೆಗಲಿಗೆ ಹಾಕಿದರು.

"ಮರ್ಯಾದೆ ಹೆಸ್ರಲ್ಲಿ ಬೆಂದು ಸಾಯ್ಬೇಡ. ಮನೇಲಿ ಇದು ಸಾಕು."

"ಥ್ಯಾಂಕ್ಸ್ ಅತ್ತೆ."

"ಮನೆಯವ್ರಿಗೆಲ್ಲ ಏನು ಥ್ಯಾಂಕ್ಸು."

ಅವತ್ತೇ ನೋಮು ಇನ್ನೊಂದು ಸಂಗತಿಯನ್ನೂ ಹೇಳಿದಳು. ಯುಗಾದಿ ಕಳೆದ ಮೇಲೆ ಬೀಗರೂಟಕ್ಕೆ ಅವಳ ಅಮ್ಮ ಬರುತ್ತಿದ್ದರು. ಅವರ ಎದುರು ತಾನು ಮದುವೆಯ ಕಂಬಳಿ ಹೊದೆಯಬೇಕು. ಅದು ಈ ದಿನಬಳಕೆಯದಲ್ಲ. ಅಜ್ಜಿಯದು, ಮಣಿ ಕೂಡಿಸಿದ್ದು, ಬೀರುವಿನಲ್ಲಿದೆ.

ಎಡವಟ್ಟಾದದ್ದು ಲಕ್ಷ್ಮಿದೇವಮ್ಮನ ಪ್ರೀತಿಯಿಂದಲೇ. ಯುಗಾದಿಗೆ ಮನೆಯ ಹಾಸು ಹೊದಿಕೆಗಳನ್ನೆಲ್ಲ ಒಗೆಯುವುದು ಅವರ ಪದ್ಧತಿ. ಸೊಸೆ ಕ್ಲಿನಿಕ್ಕಿಗೆ ಹೋಗಿದ್ದಾಗ ಅವಳ ಬೀರು ತೆಗೆದರು. ಕಂಬಳಿ ದಪ್ಪ ಬಟ್ಟೆಯದು. ಅಂಚಿನುದ್ದಕ್ಕೆ ಬಿಳಿ ಮಣಿಯ ಸಾಲುಗಳು, ಕಪ್ಪು ಪಟ್ಟಿಗಳು, ಮುತ್ತಿನ ಚಿಪ್ಪಿನ ಗುಂಡಿಗಳು, ಎಲ್ಲ ಚೆನ್ನಾಗಿತ್ತು. ಆದರೆ ಮೈಯೆಲ್ಲ ಕೆಂಧೂಳು. ಮುಟ್ಟಿದರೆ ಕೈ ಕೆಂಪಗಾಗುತ್ತಿತ್ತು, ಹೊಗೆಯ ವಾಸನೆ ಬೇರೆ. ಬೀಗಿತ್ತಿ ಅಷ್ಟು ದೂರದಿಂದ ಬಂದು ಇದನ್ನು ನೋಡಿದರೆ, ಮಗಳ ಮದುವೆ ಕಂಬಳಿಯನ್ನು ಒಗೆಸಿ ಕೊಡುವಷ್ಟೂ ಗತಿಯಿಲ್ಲವೇ ಇವರಿಗೆ ಎಂದುಕೊಳ್ಳುವುದಿಲ್ಲವೇ? ತಾರಸಿಯಲ್ಲಿ ಟಬ್ಬಿಟ್ಟು ಸೋಪಿನಪುಡಿ ಕದಡಿ, ಕಂಬಳಿ ನೆನೆಸಿ, ಸೀರೆ ಎತ್ತಿಕಟ್ಟಿ ಕಾಲಲ್ಲಿ ತುಳಿದರು. ನೀರು ಕುಂಕುಮದಂತೆ ಕೆಂಪಾಯಿತು. ಚೆಲ್ಲಿ ಮತ್ತೆ ತುಳಿದರು. ಮಣಿಯ ದಾರ ಅಲ್ಲಲ್ಲಿ ಹರಿದು ಮಣಿಗಳು ಜಾಲರಿಯಲ್ಲಿ ನಿಂತವು. ಅವನ್ನು ಹೆಕ್ಕಿ ಬಟ್ಟಲಿಗೆ ಹಾಕಿಟ್ಟರು. ಕೊನೆಗೆ ಕಂಬಳಿ ಕೆನೆಯ ಬಣ್ಣಕ್ಕೆ ತಿರುಗಿತು. ಸೊಂಟ ಹಿಡಿದುಕೊಂಡೇ ತಂತಿಯ ಮೇಲೆ ಹರವಿ, ಇಷ್ಟು ಬೆಳ್ಳಗಾಯಿತಲ್ಲ ಎಂದು ಹೆಮ್ಮೆಪಟ್ಟರು.

ಸಂಜೆ ನೋಮು ಬಟ್ಟೆ ತರಲು ತಾರಸಿಗೆ ಹೋದವಳು ಬಹಳ ಹೊತ್ತು ಇಳಿಯಲಿಲ್ಲ. ಲಕ್ಷ್ಮಿದೇವಮ್ಮ ಹತ್ತಿ ನೋಡಿದರೆ, ತಂತಿಯ ಕೆಳಗೆ ಕೂತು ಕಂಬಳಿಯ ಅಂಚನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತಳು. ಕಣ್ಣು ತುಂಬಿತ್ತು.

"ಥ್ಯಾಂಕ್ಸ್ ಅತ್ತೆ. ಒಗೆದಿದ್ದಕ್ಕೆ" ಎಂದಳು.

ಅಷ್ಟು ದಿನ ಕೇಳಿದ್ದ ಥ್ಯಾಂಕ್ಸುಗಳಲ್ಲಿ ಅದೊಂದು ಮಾತ್ರ ಲಕ್ಷ್ಮಿದೇವಮ್ಮನ ಎದೆಗೆ ನಾಟಿತು. ಏನೋ ಆಗಬಾರದ್ದು ಆಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಹೇಳಿದವನು ದೀಪಕ್, ಊಟದ ಹೊತ್ತಿಗೆ. "ಅಮ್ಮ, ಅದು ಕೊಳೆ ಅಲ್ಲ. ಬಣ್ಣ. ಅವರೂರಿನ ಕೆಂಪು ಮಣ್ಣು. ಅವಳಜ್ಜಿ ಕೈಯಾರೆ ತಿಕ್ಕಿದ್ದು. ಅಜ್ಜಿ ಮದುವೇಲಿ ಅದನ್ನೇ ಹೊದ್ದಿದ್ದು, ಅವಳಮ್ಮಾನೂ ಅದನ್ನೇ. ಅಜ್ಜಿ ಈಗಿಲ್ಲ."

"ನಂಗೊಂದ್ ಮಾತು ಹೇಳ್ಬಾರ್ದಿತ್ತೇನೋ?"

"ನೀನೊಂದ್ ಮಾತು ಕೇಳ್ಬಾರ್ದಿತ್ತಾ?"

"ಹಬ್ಬಕ್ಕೆ ಒಗ್ಯೋದಕ್ಕೂ ಅರ್ಜಿ ಹಾಕ್ಬೇಕಾ ನಾನು?"

"ಅಮ್ಮ, ಆ ಬಿಳಿ ಮಣಿ ಅವರ ಹಿರೀಕರಿಗೆ ಸೇರಿದ್ದು. ಅದನ್ನ ಹೊದ್ದು ನಿಂತ್ರೆ ಸತ್ತ ಹಿರೀಕರೂ ಜೊತೇಲಿ ನಿಂತ ಹಾಗೆ ಅಂತ ಅವರ ನಂಬಿಕೆ. ಅವಳಮ್ಮ ಬಂದಾಗ ಇವಳು ಏನನ್ನ ಹೊದೀತಾಳೆ? ಬೆಡ್‌ಶೀಟಾ?"

"ದೀಪಕ್, ಸಾಕು" ಎಂದಳು ನೋಮು.

ಲಕ್ಷ್ಮಿದೇವಮ್ಮ ತಟ್ಟೆಯ ಮುಂದೆಯೇ ಅತ್ತುಬಿಟ್ಟರು. ಬಿಕ್ಕಳಿಕೆ ಹತ್ತಿತು. ನೋಮು ಪಕ್ಕ ಬಂದು ಕೂತು ಅತ್ತೆಯ ಬೆನ್ನ ಮೇಲೆ ಅಂಗೈ ಇಟ್ಟು, ತನಗೆ ಚೆನ್ನಾಗಿ ಬರುತ್ತಿದ್ದ ಕನ್ನಡದಲ್ಲಿ, "ನಿಧಾನ ಅತ್ತೆ. ಉಸಿರು ತಗೊಳ್ಳಿ. ಈಗ ಬಿಡಿ" ಎಂದಳು. ಜಗಲಿಯಲ್ಲಿ ತಟ್ಟೆಯ ಸದ್ದು ನಿಂತಿತ್ತು. ಚಿಕ್ಕಬೈರಪ್ಪನವರು ಎಲ್ಲ ಕೇಳಿಸಿಕೊಂಡಿದ್ದರು.

ಬೆಳಿಗ್ಗೆ ಅವರು ತಾರಸಿಗೆ ಹೋದರು. ನೀರು ಹೋಗುವ ತೂಬಿನ ಬಾಯಲ್ಲಿ ಕೆಂಪು ಗಸಿ ಒಣಗಿ ನಿಂತಿತ್ತು. ಬೆರಳಲ್ಲಿ ಕೆರೆದು ಮೂಸಿ ನೋಡಿದರು. ಮಣ್ಣು ಮಾರಿ ಮನೆ ಕಟ್ಟಿದವರಾದರೂ ಮಣ್ಣಿನ ಗುರುತು ಮರೆತಿರಲಿಲ್ಲ. ಸ್ಕೂಟರ್ ತೆಗೆದು ಎಲ್ಲಿಗೋ ಹೋದವರು ಮಧ್ಯಾಹ್ನಕ್ಕೆ ಕಾಲ ನಡುವೆ ಒಂದು ಸಿಮೆಂಟ್ ಚೀಲ ಇಟ್ಟುಕೊಂಡು ಬಂದರು. ಚೀಲದ ತುಂಬ ಕೆಮ್ಮಣ್ಣು.

"ಎಲ್ಲೀದು?" ಎಂದರು ಲಕ್ಷ್ಮಿದೇವಮ್ಮ.

"ನಮ್ಮದೇ."

ಅವರ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟಿದೆ. ಅದರ ಕಾಂಪೌಂಡಿಗೆ ಅಂಟಿದಂತೆ, ಅಪ್ಪ ಅವ್ವನ ಸಮಾಧಿಯಿರುವ ತುಂಡು ಜಾಗವನ್ನು ಮಾತ್ರ ಅವರು ಯಾರು ಎಷ್ಟು ಕೇಳಿದರೂ ಬಿಟ್ಟುಕೊಟ್ಟಿರಲಿಲ್ಲ. ಹಿರಿಯರ ಹಬ್ಬಕ್ಕೆ ಎಡೆ ಇಡಲು ಹೋಗುವುದು ಅಲ್ಲಿಗೇ.

ಲಕ್ಷ್ಮಿದೇವಮ್ಮನಿಗೆ ಅರ್ಥವಾಯಿತು. ಮೊರ, ಜರಡಿ ತಂದುಕೊಟ್ಟರು.

ಎರಡು ದಿನ ಚಿಕ್ಕಬೈರಪ್ಪನವರು ತಾರಸಿಯ ಮೇಲೆ ಮಣ್ಣು ಕುಟ್ಟಿದರು, ಜರಡಿ ಹಿಡಿದರು, ತಮ್ಮ ಹಳೆಯ ಪಂಚೆಯಲ್ಲಿ ಸೋಸಿದರು. ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಕೆಮ್ಮಣ್ಣಿನ ಬಾಂಡಲಿಯ ಮುಂದೆ ಕೂತು, ಮೂರಡಿ ದೂರದಲ್ಲಿದ್ದ ಸೊಸೆಯನ್ನು ಬಿಟ್ಟು ಹೆಂಡತಿಗೆ ಹೇಳಿದರು:

"ಕೇಳು ಅವಳ್ನ. ನೀರಲ್ಲಿ ಕಲಸ್ತಾರಾ, ಎಣ್ಣೇಲಾ ಅಂತ."

"ನೀರಲ್ಲಿ ಅಂತ ಹೇಳಿ ಅತ್ತೆ. ಒಣಗಿದ ಮೇಲೆ ಕೈಯಲ್ಲಿ ತಿಕ್ಕಬೇಕು. ಅಜ್ಜಿ ಸ್ವಲ್ಪ ಕೊಬ್ಬೂ ಹಾಕ್ತಿದ್ರು."

"ತುಪ್ಪ ಆದೀತಾ ಅಂತ ಕೇಳು."

"ಆಗತ್ತೆ ಅಂತ ಹೇಳಿ ಅತ್ತೆ."

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದರು ಲಕ್ಷ್ಮಿದೇವಮ್ಮ. ಚೈತನ್ಯ ಕಿಸಕ್ಕನೆ ನಕ್ಕಳು.

ನಕ್ಕವಳು ಅಪ್ಪನನ್ನು ಮಾತಿಗೆಳೆಯಲು ನೋಡಿದಳು. "ಅಪ್ಪಾ, ಅತ್ತಿಗೆ ಯಾವ ಜನ ಗೊತ್ತಾ? ಹೇಳೋಕೇ ಬರಲ್ಲ. ನಾವು ಕೋಸಾ ಅಂತೀವಿ, ಅದು ತಪ್ಪಂತೆ. ಮೊದಲಕ್ಷರಕ್ಕೆ ನಾಲಿಗೇನ ದವಡೆ ಪಕ್ಕದಲ್ಲಿ ಲೊಟಕ್ ಅನ್ನಿಸ್ಬೇಕಂತೆ. ಅಣ್ಣ ವರ್ಷದಿಂದ ಟ್ರೈ ಮಾಡ್ತಿದಾನೆ, ಬಂದಿಲ್ಲ. ಅತ್ತಿಗೆ, ಒಂದ್ಸಲ ಹೇಳಿ."

ನೋಮು ಹೇಳಿದಳು. ಚಿಕ್ಕಬೈರಪ್ಪನವರು ಮಣ್ಣು ಕಲಸುತ್ತಿದ್ದ ಕೈ ನಿಲ್ಲಿಸಿ ಮೊದಲ ಸಲ ಸೊಸೆಯ ಕಡೆ ನೋಡಿದರು.

"ಇದಾ? ಇದು ಎತ್ತು ಹೊಡ್ಯೋ ಸದ್ದಲ್ವಾ" ಎಂದು, ನೇಗಿಲ ಹಿಂದೆ ನಡೆದ ಕಾಲದಲ್ಲಿ ಮಾಡುತ್ತಿದ್ದಂತೆ ನಾಲಿಗೆಯ ಪಕ್ಕವನ್ನು ದವಡೆಗೆ ಒತ್ತಿ ಲೊಟಗುಟ್ಟಿಸಿ, ಹಿಂದೆಯೇ "ಹೋಸಾ" ಸೇರಿಸಿದರು. ತಾರಸಿಯ ಮೇಲೆ ಆ ಮಾತು ಸ್ಪಷ್ಟವಾಗಿ ಬಿತ್ತು.

ನೋಮು ಕಂಬಳಿಯ ಮೇಲೆ ಕೈಯೂರಿ ನಕ್ಕಳು. ಬಂದ ಮೇಲೆ ಅವಳು ಹಾಗೆ ನಕ್ಕದ್ದು ಇದೇ ಮೊದಲು. ಮಾವನಿಗೂ ನಗು ತಡೆಯಲಿಲ್ಲ.

ಅಲ್ಲಿಂದ ಬೀಗರೂಟದವರೆಗೆ ಮನೆಯಲ್ಲಿ ಅದೇ ಕೆಲಸ. ಗಂಡಸರು ಕೆಮ್ಮಣ್ಣು ಬಳಿದು ಒಣಗಿಸಿದರು, ತಿಕ್ಕಿದರು, ಮತ್ತೆ ಬಳಿದರು. ಹೆಂಗಸರು ಸಂಜೆ ಬಟ್ಟಲಿನ ಮಣಿಗಳನ್ನು ನಡುವೆ ಇಟ್ಟುಕೊಂಡು ಪೋಣಿಸಿದರು.

"ಇಲ್ಲಿ ಇನ್ನೊಂದು ದಾರ ಹರಿದುಹೋಗಿದೆ ಅತ್ತೆ."

"ಹರಿದೋಗಿದೆ ಅನ್ಬಾರ್ದು. ಮಣಿ, ಬಳೆಗೆಲ್ಲ ಹೆಚ್ಚಿದೆ ಅನ್ಬೇಕು" ಎಂದು ಲಕ್ಷ್ಮಿದೇವಮ್ಮ ತಮ್ಮ ಕೊರಳ ಕರಿಮಣಿ ಮುಟ್ಟಿಕೊಂಡರು.

"ಹೆಚ್ಚಿದೆ" ಎಂದು ನೋಮು ಕಲಿತಳು. ಅವಳೂ ಹೇಳಿಕೊಟ್ಟಳು. ಹುಡುಗಿಗೆ ಒಂದು ಬಗೆ, ಹೊಸ ಹೆಂಡತಿಗೆ ಒಂದು ಬಗೆ, ಮಕ್ಕಳ ತಾಯಿಗೆ ಇನ್ನೊಂದು ಬಗೆ. ಮಣಿ ಮತ್ತು ಪಟ್ಟಿ ನೋಡಿಯೇ ಇವಳು ಯಾವ ಕಡೆಯವಳು, ಯಾವ ಹಂತದವಳು ಎಂದು ಅವಳಜ್ಜಿ ಗುರುತಿಸುತ್ತಿದ್ದಳಂತೆ.

"ನೀವು ಇಷ್ಟೆಲ್ಲ ಮಾಡ್ತಿದೀರ. ಥ್ಯಾಂಕ್ಸ್ ಅತ್ತೆ."

"ಮತ್ತೆ ಅದೇ. ಎಷ್ಟು ಹೇಳ್ತೀಯ ಅದನ್ನ?"

"ಏನು ಮಾಡಲಿ, ನನ್ನ ಹೆಸರಿನ ಅರ್ಥಾನೇ ಅದು. ನಾನು ಹುಟ್ಟಿದಾಗ ಅಜ್ಜಿ ಇಟ್ಟಿದ್ದು."

ಲಕ್ಷ್ಮಿದೇವಮ್ಮ ಸೂಜಿ ಕೆಳಗಿಟ್ಟರು. ಇಷ್ಟು ದಿನ ಇವಳನ್ನು ಕರೆದಾಗೆಲ್ಲ ತಾವು ಅರ್ಧ ಥ್ಯಾಂಕ್ಸು ಹೇಳಿದಂತಾಯಿತಲ್ಲ ಎನಿಸಿತು. "ನಮ್ಮಲ್ಲಿ ಅದನ್ನ ಬಾಯಲ್ಲಿ ಹೇಳೋ ಅಭ್ಯಾಸ ಇಲ್ಲಮ್ಮ. ಇನ್ನೊಂದು ಮುದ್ದೆ ಹಾಕ್ತೀವಿ" ಎಂದರು. ಅವತ್ತು ರಾತ್ರಿ ಬೇಡವೆಂದರೂ ಬಿಡದೆ ಹಾಕಿದರು.

ಆದರೂ ಚಿಕ್ಕಬೈರಪ್ಪನವರ ತಟ್ಟೆ ಜಗಲಿಯಲ್ಲೇ ಉಳಿಯಿತು. ಹಟ ಕರಗಿದ್ದರೂ ಎದ್ದು ಒಳಬರಲು ಒಂದು ನೆಪ ಬೇಕಲ್ಲ. ಕರೆಯುವವಳಿಗೆ ಪದವಿಲ್ಲ, ಕರೆಯದೆ ಏಳುವ ಜಾಯಮಾನ ಅವರದಲ್ಲ.

ಬೀಗರೂಟದ ದಿನ ನಡುಮನೆಯ ತುಂಬ ಜನ, ಬೀದಿಯ ತುಂಬ ಮಟನ್ ಸಾರಿನ ಘಮ. ನೋಮುವಿನ ಅಮ್ಮ ಎತ್ತರದ ಹೆಂಗಸು, ತಲೆಗೆ ವಸ್ತ್ರ ಸುತ್ತಿಕೊಂಡು ಬಂದಿದ್ದರು. ಲಕ್ಷ್ಮಿದೇವಮ್ಮ ಕಂಬಳಿಯನ್ನು ಅವರ ಕೈಗೆ ಕೊಟ್ಟರು. ಕೆಂಪು ಬಂದಿತ್ತು, ಆದರೆ ಮೊದಲಿನ ಕೆಂಪಲ್ಲ; ಅದಕ್ಕಿಂತ ಗಾಢ. ಆಕೆ ಅಂಚನ್ನು ಬೆರಳಲ್ಲಿ ಉಜ್ಜಿದರು, ಮೂಗಿಗೆ ಹಿಡಿದರು, ಮಗಳ ಕಡೆ ತಿರುಗಿ ಏನೋ ಕೇಳಿದರು. ಮಗಳು ಬಹಳ ಹೊತ್ತು ಉತ್ತರ ಹೇಳಿದಳು. ನಾರಾಯಣಮ್ಮ ಕೂಡ ಉಸಿರು ಬಿಗಿಹಿಡಿದಿದ್ದರು.

"ಏನಂತೆ?" ಎಂದರು ಲಕ್ಷ್ಮಿದೇವಮ್ಮ, ತಡೆಯಲಾರದೆ.

"ಇದು ನಮ್ಮೂರಿನ ಮಣ್ಣಲ್ಲ, ಯಾರದು ಅಂತ ಕೇಳಿದ್ರು. ಮಾವನ ತಂದೆ ತಾಯಿ ಮಲಗಿರೋ ಜಾಗದ್ದು ಅಂದೆ." ನೋಮು ಅಮ್ಮನ ಕಡೆ ನೋಡಿದಳು. "ಹಾಗಾದ್ರೆ ಈ ಮನೆ ಹಿರೀಕರು ನಿನ್ನ ಒಪ್ಪಿದಾರೆ, ನಾನು ನಿಶ್ಚಿಂತೆಯಾಗಿ ವಾಪಸ್ ಹೋಗ್ತೀನಿ ಅಂತಿದಾರೆ."

ಆಕೆ ಕಂಬಳಿಯನ್ನು ಬಿಡಿಸಿ ಮಗಳ ಹೆಗಲ ಸುತ್ತ ಹೊದಿಸಿದರು. ಆಮೇಲೆ ಬಾಗಿಲಾಚೆ ಜಗಲಿಯ ಕಂಬಕ್ಕೊರಗಿ ಕೂತಿದ್ದ ಚಿಕ್ಕಬೈರಪ್ಪನವರ ಎದುರು ಹೋಗಿ, ಎರಡೂ ಕೈ ಜೋಡಿಸಿ, ಮನೆ ಮಂದಿಗೆಲ್ಲ ಕೇಳಿಸುವಂತೆ ತಮ್ಮ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿದರು:

"ಎಂಕೋಸಿ, ತಾತಾ."

ನಾರಾಯಣಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಚಿಕ್ಕಬೈರಪ್ಪನವರು ಆಕೆಗೆ ಕೈ ಮುಗಿದರು. ಮೀಸೆಯನ್ನೊಮ್ಮೆ ಸವರಿಕೊಂಡರು. "ಬೀಗಿತ್ತೀನೂ ಅಂದ್ಬಿಟ್ರಲ್ಲ. ಇನ್ನೇನುಳೀತು" ಎಂದು, ಹಿಂದೆ ಬಂದು ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. "ನೀನ್ಯಾಕಮ್ಮ ಸುಮ್ನಿದೀಯ? ಹೊತ್ತಾಯ್ತು, ಹಸಿವಾಗ್ತಿದೆ."

ನೋಮು ಕಂಬಳಿಯನ್ನು ಎದೆಯ ಬಳಿ ಹಿಡಿದುಕೊಂಡಳು. ಕಣ್ಣು ನೆಲದಲ್ಲೇ ಇತ್ತು.

"ತಾತಾ, ಊಟಕ್ಕೆ ಏಳಿ" ಎಂದಳು.

ಚಿಕ್ಕಬೈರಪ್ಪನವರು ಪಂಚೆ ಕೊಡವಿಕೊಂಡು ಎದ್ದು ಒಳಗೆ ಹೋದರು.